ಬೆಂಗಳೂರಿನ ಹಗುರ ಹೆಲಿಕಾಪ್ಟರುಗಳು: ಒಂದು ರಕ್ಷಣಾಯಂತ್ರದ ಚರಿತ್ರೆ

ಹೆಲಿಕಾಪ್ಟರ್ ಎಂಬ ಶಬ್ದವನ್ನು 'ಹೆಲಿ' ಎಂದೂ 'ಕಾಪ್ಟರ್' ಎಂದೂ ಒಡೆದು ತಿಳಿಯುವುದು ಲೋಕರೂಢಿಯಾಗಿದೆ. 'ಹೆಲಿಪ್ಯಾಡ್' ಮೊದಲಾದ ಹೊಸ ಸಮಾಸಗಳು ಹುಟ್ಟಿಕೊಂಡಿರುವುದೂ ಈ ತಪ್ಪು ವಿಂಗಡಣೆಯಿಂದಲೇ. ವ್ಯುತ್ಪತ್ತಿಯನ್ನು ನೋಡಿದರೆ ಅದು ಗ್ರೀಕ್ ಭಾಷೆಯ 'ಹೆಲಿಕ್ಸ್', ಅಂದರೆ ಸುರುಳಿ, ಮತ್ತು 'ಪ್ಟೆರಾನ್', ಅಂದರೆ ರೆಕ್ಕೆ, ಎಂಬ ಎರಡು ಪದಗಳ ಕೂಡುವಿಕೆ. ೧೮೬೧ರಲ್ಲಿ ಫ್ರಾನ್ಸಿನ ಪೊಂತೋ ದಾಮೆಕೂರ್ ಎಂಬಾತನು ಇದನ್ನು ಟಂಕಿಸಿದನು. 'ತಿರುಗುವ ರೆಕ್ಕೆಯುಳ್ಳದ್ದು' ಎಂಬ ಈ ಮೂಲಾರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಂತ್ರದ ಸ್ವಭಾವವೆಲ್ಲ ತಾನಾಗಿಯೇ ತಿಳಿಯಬರುತ್ತದೆ. ಸಾಮಾನ್ಯ ವಿಮಾನದಲ್ಲಿ ಒಡಲು ಮುಂದಕ್ಕೆ ಓಡಿದರೆ ಮಾತ್ರ ರೆಕ್ಕೆಗೆ ಗಾಳಿ ಸಿಕ್ಕುವುದು. ಇಲ್ಲಿ ಒಡಲು ನಿಂತಿದ್ದರೂ ರೆಕ್ಕೆ ಮಾತ್ರ ತಿರುಗಿ ಗಾಳಿಯನ್ನು ಕೆಳಕ್ಕೆ ನೂಕುವುದು. ಆದುದರಿಂದಲೇ ಅದು ಆಕಾಶದಲ್ಲಿ ನಿಂತಲ್ಲಿಯೇ ನಿಲ್ಲಬಲ್ಲದು. ಆದರೆ ನಿಲ್ಲುವುದು ಅಗ್ಗದ ಕೆಲಸವಲ್ಲ. ಹದವಾದ ವೇಗದಲ್ಲಿ ಮುಂದೆ ಸಾಗುವುದಕ್ಕೆ ಬೇಕಾಗುವುದಕ್ಕಿಂತ ಹೆಚ್ಚಿನ ಶಕ್ತಿ ಸುಮ್ಮನೆ ನಿಲ್ಲುವುದಕ್ಕೆ ವೆಚ್ಚವಾಗುತ್ತದೆ. ಮನೆಯ ಮಾಳಿಗೆಯ ಮೇಲಿಂದಲೋ ಬಂಡೆಯ ಅಂಚಿನಿಂದಲೋ ಮನುಷ್ಯನೊಬ್ಬನನ್ನು ಎತ್ತಿಕೊಳ್ಳುವ ಕಾರ್ಯವಾದರೋ ಈ ನಿಲ್ಲುವಿಕೆಯಲ್ಲಿಯೇ ಅಡಗಿದೆ. ಹೀಗಿರಲು, ರಕ್ಷಣೆಗೆಂದು ಬಳಕೆಗೆ ಬಂದ ಹಗುರ ಹೆಲಿಕಾಪ್ಟರಿನ ಚರಿತ್ರೆಯೆಂದರೆ, ಬಹುಮಟ್ಟಿಗೆ, ಎಂಜಿನಿನಲ್ಲಿ ಮಿಗಿಸಿಟ್ಟುಕೊಂಡ ಶಕ್ತಿಯ ಚರಿತ್ರೆ.

ಈ ಮಾತಿಗೆ ಮೊತ್ತಮೊದಲ ನಿದರ್ಶನ ಭಾರತದ ಮೂಡಣ ಗಡಿಯಲ್ಲಿಯೇ ದೊರೆಯುವುದು. ೧೯೪೪ರ ಏಪ್ರಿಲ್ ಕೊನೆಯ ವಾರದಲ್ಲಿ ಬರ್ಮಾದ ಕಾಡಿನೊಳಗೆ ಸಣ್ಣ ವಿಮಾನವೊಂದು ಬಿದ್ದು, ಅದರ ಚಾಲಕನೂ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರೂ ಶತ್ರುಗಳ ನಡುವೆ ಸಿಕ್ಕಿಕೊಂಡಿದ್ದರು. ಅಮೆರಿಕದ ಕಾರ್ಟರ್ ಹಾರ್ಮನ್ ಎಂಬ ಲೆಫ್ಟೆನೆಂಟನು ಅಸ್ಸಾಮಿನ ಲಾಲಾಘಾಟಿನಿಂದ ಸಿಕೋರ್ಸ್ಕಿ ಕಂಪೆನಿಯ ಚಿಕ್ಕ ಹೆಲಿಕಾಪ್ಟರಿನಲ್ಲಿ ಹೊರಟು ಅವರನ್ನು ಕಾಪಾಡಿದನು. ಯುದ್ಧಭೂಮಿಯಲ್ಲಿ ಹೆಲಿಕಾಪ್ಟರು ಮಾಡಿದ ಮೊದಲ ರಕ್ಷಣೆಯೆಂದು ಇದು ಪ್ರಸಿದ್ಧವಾಗಿದೆ. ಆದರೆ ಆ ಪ್ರಸಿದ್ಧಿಯ ಹಿಂದಿನ ಸಂಗತಿ ಇನ್ನೂ ಬೋಧಕವಾಗಿದೆ. ಆ ಯಂತ್ರದ ಎಂಜಿನು ಇನ್ನೂರು ಅಶ್ವಶಕ್ತಿಯನ್ನೂ ಮುಟ್ಟದೆ ಇದ್ದುದು. ಬೇಸಗೆಯ ಕಾದ ಗಾಳಿಯಲ್ಲಿ ಅದಕ್ಕೆ ಏದುಸಿರು. ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಹೊತ್ತೊಯ್ಯಲು ಸಾಧ್ಯವಾಗಿ, ನಾಲ್ವರನ್ನು ತರಲು ನಾಲ್ಕು ಸಲ ಹಾರಬೇಕಾಯಿತು. ನಡುವೆ ಕಾದುಹೋದ ಎಂಜಿನು ಆರುವ ತನಕ ಕಾಯಬೇಕಾಗಿಯೂ ಬಂದಿತು. ಬಿಸಿಯಾದ ಗಾಳಿಯೂ ಎತ್ತರದ ಗಾಳಿಯೂ ಒಂದೇ ಬಗೆಯ ಶತ್ರುಗಳು, ಎರಡೂ ತೆಳುವಾಗಿರುತ್ತವೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಸಾಲದು, ಎಂಜಿನಿಗೂ ಉಸಿರು ಸಾಲದು.

ಉಗಿಯಂತ್ರದ ಕಾಲದಿಂದ ಬಂದ ಕೊಂತ ಮತ್ತು ಉರುಳೆಗಳ ಎಂಜಿನನ್ನು ಬಿಟ್ಟು, ಹಗುರವಾದ ಟರ್ಬೈನ್ ಎಂಜಿನನ್ನು ಹೆಲಿಕಾಪ್ಟರಿಗೆ ಜೋಡಿಸಿದುದು ಈ ಚರಿತ್ರೆಯ ದೊಡ್ಡ ತಿರುವು. ಫ್ರಾನ್ಸಿನ 'ಅಲೂಯೆತ್ ೨' ಎಂಬುದು ಇಂಥ ಎಂಜಿನಿನೊಡನೆ ಕಾರ್ಖಾನೆಯಿಂದ ಸಾಲಾಗಿ ತಯಾರಾಗಿ ಬಂದ ಮೊದಲ ಹೆಲಿಕಾಪ್ಟರು. ಅದರ ಮೊದಲ ಹಾರಾಟ ೧೯೫೫ರ ಮಾರ್ಚ್ ೧೨ರಂದು ನಡೆಯಿತು. ಮೂರು ತಿಂಗಳು ತುಂಬುವುದರೊಳಗೆ, ಜೂನ್ ೬ರಂದು, ಝಾಂ ಬೂಲೆ ಎಂಬ ಪರೀಕ್ಷಾಚಾಲಕನು ಅದನ್ನು ೮,೨೦೯ ಮೀಟರು ಎತ್ತರಕ್ಕೆ ಏರಿಸಿ ದಾಖಲೆ ಮಾಡಿದನು. ಎಂಜಿನಿನ ಹೆಸರು ಆರ್ತೂಸ್ತ್. ಟರ್ಬೊಮೆಕಾ ಎಂಬ ಕಂಪೆನಿಯದು. ಈ ಎರಡು ಹೆಸರುಗಳನ್ನೂ ವಾಚಕರು ನೆನಪಿನಲ್ಲಿಡಬೇಕು. 'ಅಲೂಯೆತ್' ಎಂದರೆ ನೆಲದಿಂದ ನೆಟ್ಟಗೆ ಮೇಲೇರಿ ಹಾಡುವ ಪುಟ್ಟ ಹಕ್ಕಿ; ನಮ್ಮ ಹೊಲಗಳ ನೆಲಗುಬ್ಬಿ ಅದೇ ಕುಲಕ್ಕೆ ಸೇರಿದುದು.

ಹಕ್ಕಿಯ ಯೋಗ್ಯತೆ ಮರುವರ್ಷವೇ ಆಲ್ಪ್ಸ್ ಪರ್ವತದಲ್ಲಿ ಪರೀಕ್ಷೆಗೆ ಬಂದಿತು. ೧೯೫೬ರ ಬೇಸಗೆಯಲ್ಲಿ ಮೋಂಬ್ಲಾಂ ಶಿಖರದ ಹತ್ತಿರ, ನಾಲ್ಕು ಸಾವಿರ ಮೀಟರಿಗೂ ಮೇಲಿರುವ ಆಶ್ರಯಗೃಹದಿಂದ ರೋಗಿಯೊಬ್ಬನನ್ನು ಅದು ಇಳಿಸಿ ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ವ್ಯಾಂಸಾಂದೋಂ ಮತ್ತು ಆಂರಿ ಎಂಬ ಇಬ್ಬರು ತರುಣ ಪರ್ವತಾರೋಹಿಗಳು ಆ ಶಿಖರದ ಇಳಿಜಾರಿನಲ್ಲಿ ಸಿಕ್ಕಿಬಿದ್ದಾಗ, ಅವರನ್ನು ತರಲು ಹೋದ ಭಾರಿ ಸಿಕೋರ್ಸ್ಕಿ ಯಂತ್ರವೇ ಹಿಮದ ಮೇಲೆ ಬಿದ್ದುಹೋಯಿತು. ಕೊನೆಗೆ ೧೯೫೭ರ ಜನವರಿ ಮೊದಲ ದಿನಗಳಲ್ಲಿ ಹಗುರವಾದ ಅಲೂಯೆತ್‌ಗಳು ಹೋಗಿ ಬಿದ್ದ ಯಂತ್ರದ ಸಿಬ್ಬಂದಿಯನ್ನೂ ಮಾರ್ಗದರ್ಶಕರನ್ನೂ ಬದುಕಿಸಿ ತಂದವು. ಆ ಇಬ್ಬರು ತರುಣರು ಮಾತ್ರ ಅಲ್ಲಿಯೇ ಉಳಿದರು. ಫ್ರಾನ್ಸಿನಲ್ಲಿ ಪರ್ವತರಕ್ಷಣೆಗೆಂದು ಸರ್ಕಾರದ ವ್ಯವಸ್ಥೆಯೊಂದು ಏರ್ಪಡುವುದಕ್ಕೆ ಈ ದುರಂತವೇ ಪ್ರೇರಣೆಯಾಯಿತು. ಎತ್ತರದಲ್ಲಿ ದೊಡ್ಡ ಯಂತ್ರಕ್ಕಿಂತ ಹಗುರವಾದ ಯಂತ್ರವೇ ಮೇಲೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

೧೯೫೯ರ ಫೆಬ್ರವರಿ ೨೮ರಂದು ಹಾರಿದ 'ಅಲೂಯೆತ್ ೩' ಇದರ ತಮ್ಮ. ಗಾತ್ರದಲ್ಲಿ ಮಾತ್ರ ಅಣ್ಣನಿಗಿಂತ ದೊಡ್ಡದು, ಏಳು ಜನರಿಗೆ ಅಲ್ಲಿ ಸ್ಥಳವಿತ್ತು. ೧೯೬೦ರ ಜೂನಿನಲ್ಲಿ ಬೂಲೆಯು ಏಳು ಜನರೊಡನೆ ಅದನ್ನು ಮೋಂಬ್ಲಾಂ ಮೇಲೆ ಇಳಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಹಿಮಾಲಯದಲ್ಲಿ ೬,೦೦೪ ಮೀಟರು ಎತ್ತರದಲ್ಲಿ ಇಬ್ಬರು ಸಿಬ್ಬಂದಿಯನ್ನೂ ೨೫೦ ಕಿಲೋಗ್ರಾಂ ಹೊರೆಯನ್ನೂ ಹೊತ್ತು ಇಳಿದು ಏರಿತು. ಇದರ ಗುಟ್ಟು ಎಂಜಿನಿನಲ್ಲಿದೆ. ಆರ್ತೂಸ್ತ್ ೩ ಎಂಬ ಈ ಎಂಜಿನು ೮೭೦ ಅಶ್ವಶಕ್ತಿಯನ್ನು ಕೊಡಬಲ್ಲುದಾದರೂ, ಸುಮಾರು ೫೫೦ಕ್ಕೆ ಮೀರದಂತೆ ಅದನ್ನು ಕಟ್ಟಿಹಾಕಿದ್ದರು. ಮೇಲ್ನೋಟಕ್ಕೆ ಇದು ದುಂದಾಗಿ ಕಾಣಬಹುದು. ಆದರೆ ನಾಲ್ಕು ಎತ್ತು ಎಳೆಯುವ ಹೇರಿಗೆ ಆರು ಎತ್ತು ಹೂಡಿದ ರೈತನು ಬಯಲಿನಲ್ಲಿ ಅವುಗಳನ್ನು ದುಡಿಸದೆ ಏರಿಗೆ ಮೀಸಲಿಡುವಂತೆ, ಮೇಲೇರಿದಷ್ಟೂ ಎಂಜಿನಿನ ಬಲ ಕುಂದುತ್ತ ಹೋದರೂ ಹಲವು ಸಾವಿರ ಮೀಟರುಗಳ ತನಕ ರೆಕ್ಕೆಗೆ ಬೇಕಾದ ಆ ೫೫೦ ಮಾತ್ರ ಕುಂದದೆ ಒದಗುವುದು. ಮುಂದಿನ ಅರ್ಧ ಶತಮಾನದ ಕಥೆಯೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಬೆಂಗಳೂರಿಗೆ ಈ ಯಂತ್ರ ಬಂದುದು ಹೇಗೆಂಬುದನ್ನು ಇನ್ನು ನೋಡಬಹುದು. ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ ೧೯೫೦ರ ದಶಕದ ಹೊತ್ತಿಗೆ ಸ್ವಂತ ರಚನೆಯ ತರಬೇತಿ ವಿಮಾನವನ್ನೇ ಹಾರಿಸಿದ್ದಿತು. ಆದರೆ ತಿರುಗುವ ರೆಕ್ಕೆಯ ವಿದ್ಯೆ ಬೇರೆ. ಅದರಲ್ಲಿ ಇಲ್ಲಿಯವರಿಗೆ ಪರಿಚಯವಿರಲಿಲ್ಲ. ೧೯೬೨ರಲ್ಲಿ, ಚೀನದೊಡನೆ ಹಿಮಾಲಯದಲ್ಲಿ ಯುದ್ಧ ನಡೆದ ಆ ವರ್ಷದಲ್ಲಿಯೇ, ಫ್ರಾನ್ಸಿನ ಸ್ಯೂದ್ ಕಂಪೆನಿಯೊಡನೆ ಅಲೂಯೆತ್ ೩ನ್ನು ಬೆಂಗಳೂರಿನಲ್ಲಿ ತಯಾರಿಸುವ ಒಪ್ಪಂದವಾಯಿತು. ೧೯೬೪ರಲ್ಲಿ ಕಾರ್ಖಾನೆಯ ಹೆಸರು ಹಿಂದೂಸ್ಥಾನ್ ಏರೋನಾಟಿಕ್ಸ್ ಎಂದು ಬದಲಾಯಿತು. ಮರುವರ್ಷ ಇಲ್ಲಿ ಜೋಡಿಸಿದ ಮೊದಲ ಯಂತ್ರವನ್ನು ಒಪ್ಪಿಸಲಾಯಿತು. ರಾಣಾ ಪ್ರತಾಪನ ಕುದುರೆಯ ಹೆಸರನ್ನೇ ಅದಕ್ಕೆ ಇಟ್ಟರು. ಗಾಯಗೊಂಡ ಒಡೆಯನನ್ನು ಯುದ್ಧರಂಗದಿಂದ ಹೊತ್ತು ಪಾರುಮಾಡಿ ತಾನು ಸತ್ತ ಕುದುರೆ ಚೇತಕ್ ಎಂಬ ಐತಿಹ್ಯವನ್ನು ಬಲ್ಲವರಿಗೆ ಈ ನಾಮಕರಣದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಒಟ್ಟು ಮುನ್ನೂರಕ್ಕೂ ಹೆಚ್ಚು ಚೇತಕ್‌ಗಳು ಬೆಂಗಳೂರಿನಲ್ಲಿ ತಯಾರಾದವು. ಭೂಸೇನೆ, ವಾಯುಪಡೆ, ನೌಕಾಪಡೆ, ಕರಾವಳಿ ಕಾವಲುಪಡೆ ನಾಲ್ಕರಲ್ಲಿಯೂ ಅವು ಸೇವೆ ಸಲ್ಲಿಸಿವೆ.

ಚೇತಕ್ ಒಳ್ಳೆಯ ಯಂತ್ರವಾದರೂ ಲಡಾಖಿನ ಎತ್ತರಗಳಿಗೆ ಭಾರವಾಗಿತ್ತು. ೧೯೬೮ರಲ್ಲಿ ಭಾರತದ ಸೇನೆಯು ಫ್ರೆಂಚರ ಮುಂದಿಟ್ಟ ಬೇಡಿಕೆಯಿಂದ ಹುಟ್ಟಿದ ಹೊಸ ಯಂತ್ರವು ರಚನಾಕೌಶಲಕ್ಕಿಂತ ವಿವೇಕಕ್ಕೆ ಉದಾಹರಣೆಯಾಗಿದೆ. ಹಳೆಯ ಅಲೂಯೆತ್ ೨ರ ಬಡಕಲು ಒಡಲು, ಬಾಲದ ಕಡೆಗೆ ಬರಿಯ ಕೊಳವೆಗಳ ಚೌಕಟ್ಟು. ಅದಕ್ಕೆ ಅಲೂಯೆತ್ ೩ರ ಬಲವಾದ ಎಂಜಿನು ಮತ್ತು ರೆಕ್ಕೆ. ಹೊಸದಾಗಿ ಕಂಡುಹಿಡಿದುದು ಏನೂ ಇಲ್ಲವೆಂದರೂ ಸಲ್ಲುವುದು. ಚಿಕ್ಕ ಗಾಡಿಗೆ ದೊಡ್ಡ ಎತ್ತುಗಳನ್ನು ಹೂಡಿದರು, ಅಷ್ಟೆ. ಬರಿಯ ಯಂತ್ರದ ತೂಕ ಸಾವಿರ ಕಿಲೋಗ್ರಾಂಗಿಂತ ಸ್ವಲ್ಪ ಮಾತ್ರ ಹೆಚ್ಚು, ಆಸನಗಳು ಐದು. ೧೯೬೯ರ ಮಾರ್ಚ್ ೧೭ರಂದು ಅದು ಮೊದಲು ಹಾರಿತು. ಅದೇ ವರ್ಷ ಹಿಮಾಲಯದಲ್ಲಿ ಇಬ್ಬರು ಸಿಬ್ಬಂದಿಯನ್ನೂ ೧೨೦ ಕಿಲೋಗ್ರಾಂ ಇಂಧನವನ್ನೂ ಹೊತ್ತು ೭,೫೦೦ ಮೀಟರು ಎತ್ತರದಲ್ಲಿ ಇಳಿದು ಮತ್ತೆ ಏರಿತು. ಫ್ರೆಂಚರು ಅದನ್ನು 'ಲಾಮಾ' ಎಂದರು. ೧೯೭೦ರ ಒಪ್ಪಂದದ ಪ್ರಕಾರ ಅದನ್ನು ತಯಾರಿಸತೊಡಗಿದ ಬೆಂಗಳೂರಿನವರು 'ಚೀತಾ' ಎಂದರು. ಇಲ್ಲಿ ಜೋಡಿಸಿದ ಮೊದಲ ಚೀತಾ ೧೯೭೨ರ ಅಕ್ಟೋಬರಿನಲ್ಲಿ ಹಾರಿತು. ಆ ವರ್ಷದ ಜೂನ್ ೨೧ರಂದು ಅದೇ ಬೂಲೆ ಫ್ರಾನ್ಸಿನಲ್ಲಿ ಲಾಮಾವನ್ನು ೧೨,೪೪೨ ಮೀಟರಿನವರೆಗೆ ಏರಿಸಿದ್ದನು. ಅಷ್ಟು ಎತ್ತರದಲ್ಲಿ ಎಂಜಿನು ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಕೆಳಗಿನಿಂದ ಬೀಸುವ ಗಾಳಿಗೆ ರೆಕ್ಕೆ ತಾನಾಗಿ ತಿರುಗುವ ಬಲದಿಂದಲೇ ಆತನು ನೆಲ ಮುಟ್ಟಿದನು. ದಶಕಗಳ ಕಾಲ ಆ ದಾಖಲೆಯನ್ನು ಮೀರಿದವರಿಲ್ಲ.

ಸೇವೆಯ ಚರಿತ್ರೆಯಲ್ಲಿ ಅಗ್ರಸ್ಥಾನ ಸಿಯಾಚೆನ್ ಹಿಮನದಿಗೆ ಸಲ್ಲುವುದು. ೧೯೭೮ರ ಅಕ್ಟೋಬರ್ ೬ರಂದು, ನರೇಂದ್ರ ಕುಮಾರರ ಸೈನಿಕ ಪರ್ವತಾರೋಹಣ ತಂಡದ ಇಬ್ಬರು ಗಾಯಾಳುಗಳನ್ನು ತರಲು ವಾಯುಪಡೆಯ ಚೇತಕ್ ಅಲ್ಲಿ ಇಳಿಯಿತು. ಅಂದರೆ ಆ ಹಿಮನದಿಯಲ್ಲಿ ಹೆಲಿಕಾಪ್ಟರಿನ ಇತಿಹಾಸ ಆರಂಭವಾದುದೇ ರಕ್ಷಣೆಯಿಂದ. ೧೯೮೪ರ ಏಪ್ರಿಲ್ ೧೩ರಂದು ಸೇನೆಯು ಮೇಘದೂತವೆಂಬ ಕಾರ್ಯಾಚರಣೆಯನ್ನು ಕೈಕೊಂಡ ಮೇಲೆ, ಆರು ಸಾವಿರ ಮೀಟರಿಗೂ ಮೇಲಿರುವ ಠಾಣೆಗಳಿಗೆ ಚೀತಾ ಒಂದೇ ಹೊರಜಗತ್ತಿನ ದಾರಿಯಾಯಿತು. (ಕಾಳಿದಾಸನ ಮೇಘವು ಸಂದೇಶವನ್ನು ಮಾತ್ರ ಒಯ್ದಿತು, ಇಲ್ಲಿನ ದೂತನು ಸೀಮೆಎಣ್ಣೆಯನ್ನೂ ಒಯ್ಯಬೇಕಾಯಿತು.) ತುತ್ತತುದಿಯ ಠಾಣೆಗಳಿಗೆ ಒಂದು ಸಲಕ್ಕೆ ಸಾಗುತ್ತಿದ್ದುದು ಕೆಲವೇ ಹತ್ತು ಕಿಲೋಗ್ರಾಂ ಹೊರೆ. ಕೆಳಗಿನ ಉದ್ದನೆಯ ಕೊಳವೆಗಾಲುಗಳು ಹಿಮಕ್ಕೆ ತಾಕಿರುವಾಗಲೇ, ಎಂಜಿನನ್ನು ನಿಲ್ಲಿಸದೆ, ಸಾಮಾನನ್ನು ಇಳಿಸಿ ರೋಗಿಯನ್ನು ಏರಿಸಿಕೊಳ್ಳಬೇಕು. ಅಲ್ಲಿ ಗುಂಡಿಗಿಂತ ಹವೆಯಿಂದ ಸತ್ತವರೇ ಹೆಚ್ಚು. ಎತ್ತರದಲ್ಲಿ ಶ್ವಾಸಕೋಶದೊಳಗೆ ನೀರು ತುಂಬುವ ಕಾಯಿಲೆಗೆ ಮುಖ್ಯವಾದ ಚಿಕಿತ್ಸೆಯೆಂದರೆ ರೋಗಿಯನ್ನು ಬೇಗನೆ ತಗ್ಗಿಗೆ ಇಳಿಸುವುದು; ಆದಕಾರಣ ಚೀತಾ ಅಲ್ಲಿ ರೋಗಿಯ ವಾಹನ ಮಾತ್ರವಲ್ಲ, ಸ್ವತಃ ಔಷಧವೇ ಆಗಿದ್ದಿತು. ಗಡಿಯಾಚೆಗೂ ಇದೇ ಯಂತ್ರವು ಇದೇ ಕೆಲಸವನ್ನು ಮಾಡಿದೆಯೆಂಬುದನ್ನು ಮರೆಯಬಾರದು. ೨೦೦೫ರ ಆಗಸ್ಟಿನಲ್ಲಿ ನಂಗಾಪರ್ಬತದ ಗೋಡೆಯಲ್ಲಿ ಸುಮಾರು ಆರು ಸಾವಿರ ಮೀಟರು ಎತ್ತರದಲ್ಲಿ ದಿನಗಟ್ಟಲೆ ಸಿಕ್ಕಿಕೊಂಡಿದ್ದ ಸ್ಲೊವೇನಿಯಾದ ತೊಮಾಜ್ ಹುಮಾರನನ್ನು ಪಾಕಿಸ್ತಾನದ ಸೇನೆಯ ಲಾಮಾ ಹಗ್ಗದಿಂದ ಎತ್ತಿ ತಂದಿತು.

ಹಿಮಾಲಯಕ್ಕೆಂದು ರೂಪುಗೊಂಡ ಈ ಯಂತ್ರಕುಲಕ್ಕೂ ಕೃಷ್ಣಾ ತುಂಗಭದ್ರೆಗಳ ನಡುವಣ ಬಯಲಿಗೂ ಏನು ಸಂಬಂಧವೆಂದು ಕೇಳಬಹುದು. ರಾಯಚೂರಿನ ದೋಆಬವೆಂದು ಚರಿತ್ರೆಯಲ್ಲಿ ಹೆಸರಾದ ಈ ನೆಲವನ್ನು ರಾಜರು ಗೆದ್ದದ್ದು ಸೋತದ್ದು ಎಷ್ಟೋ ಸಲ. ನದಿಗಳು ಮಾತ್ರ ತಮ್ಮ ಹಕ್ಕನ್ನು ಬಿಟ್ಟಿಲ್ಲ. ದೇವದುರ್ಗದ ಬಡಗಣ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ತೆಂಕಣ ಅಂಚಿನಲ್ಲಿ ತುಂಗಭದ್ರೆ. ಕಲ್ಲೂರು ಮೊದಲಾದ ಒಳನಾಡಿನ ಊರುಗಳು ಇವೆರಡರ ನಡುವೆ ಹರಡಿಕೊಂಡಿವೆ. ಮೇಲಿನ ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟಾಗ ದೇವದುರ್ಗದ ಕಡೆಯ ಹೂವಿನಹೆಡಗಿ ಸೇತುವೆ ಮುಳುಗುವುದು. ಲಿಂಗಸುಗೂರು ರಾಯಚೂರು ತಾಲೂಕುಗಳ ನಡುಗಡ್ಡೆಗಳ ಜನರು ಹರಿಗೋಲನ್ನೇ ನಂಬಿ ಬಾಳಿದವರು. ಹರಿಗೋಲು ನಡೆಯದಷ್ಟು ಹೊಳೆ ಬಂದರೆ ಅಲ್ಲಿರುವವರು ಅಲ್ಲಿಯೇ. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲಾಗಿ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಗೆ ಹಳ್ಳಕೊಳ್ಳಗಳೂ ಹೊಳೆಗಳೂ ಒಟ್ಟಿಗೆ ಉಕ್ಕಿದಾಗ, ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಜನರು ಸತ್ತರು. ಹೊಳೆಯಾಚೆಯ ಮಂತ್ರಾಲಯವು ನೀರಿನಲ್ಲಿ ನಿಂತಿತು. ವಾಯುಪಡೆಯ ಹೆಲಿಕಾಪ್ಟರುಗಳು ಆಗ ಈ ನಾಡಿನ ಮೇಲೆ ಹಾರಿದವು.

ಇಂಥ ನೆರೆಯಲ್ಲಿ ಹೊರೆಯ ಬಹುಭಾಗವನ್ನು ಹೊರುವುದು ರಷ್ಯದ ಭಾರಿ ಯಂತ್ರಗಳೇ ಎಂಬುದನ್ನು ಒಪ್ಪಲೇಬೇಕು. ಆದರೂ ಹಗುರ ಯಂತ್ರಕ್ಕೆ ಅದರದೇ ಆದ ಎಡೆಯೊಂದುಂಟು. ಈ ಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಮೂರು ದಿನ ನೆನೆದ ಮಾಳಿಗೆಯ ಮೇಲೆ ಯಾವ ಯಂತ್ರವೂ ಇಳಿಯುವಂತಿಲ್ಲ. ಮೇಲೆ ನಿಂತು ಹಗ್ಗ ಬಿಡಬೇಕು. ಭಾರಿ ಯಂತ್ರವು ಕೆಳಕ್ಕೆ ನೂಕುವ ಗಾಳಿಯ ರಭಸಕ್ಕೆ ತಗಡುಗಳು ಹಾರುತ್ತವೆ, ನಿಂತವರು ತತ್ತರಿಸುತ್ತಾರೆ. ಚೇತಕ್‌ನಂಥದರ ಗಾಳಿ ಅಷ್ಟು ಕ್ರೂರವಲ್ಲ. ೨೦೧೯ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ ಬಾಗಿಲುಗಳನ್ನು ತೆರೆದಾಗ ಹಂಪೆಯ ಎದುರುದಡದ ವಿರೂಪಾಪುರಗಡ್ಡೆಯಲ್ಲಿ ವಿದೇಶೀಯರೂ ಸೇರಿ ಅನೇಕ ಪ್ರವಾಸಿಗಳು ಸಿಕ್ಕಿಕೊಂಡರು. ರಕ್ಷಣೆಗೆ ಹೋದ ದೋಣಿಯೊಂದು ಮಗುಚಿ, ರಕ್ಷಕರನ್ನೇ ರಕ್ಷಿಸಬೇಕಾದ ಪ್ರಸಂಗವೂ ಒದಗಿತು. ದೋಣಿಗೆ ಆಗದ ಕೆಲಸವನ್ನು ಅಲ್ಲಿಯೂ ಹೆಲಿಕಾಪ್ಟರುಗಳು ನೆರವೇರಿಸಿದವು. ಮೋಂಬ್ಲಾಂ ಇಳಿಜಾರಿನಲ್ಲಿ ಅರವತ್ತೆರಡು ವರ್ಷಗಳ ಹಿಂದೆ ನಡೆದುದಕ್ಕೂ ಇದಕ್ಕೂ ಇರುವ ಹೋಲಿಕೆ ಗಮನಿಸತಕ್ಕದ್ದು.

ಇಷ್ಟು ದೀರ್ಘವಾದ ಸೇವೆಯೇ ಈ ಯಂತ್ರಗಳ ಮೇಲಿನ ಆಕ್ಷೇಪಕ್ಕೂ ಕಾರಣವಾಯಿತು. ೧೯೫೦ರ ದಶಕದ ರಚನೆ, ಒಂದೇ ಎಂಜಿನು, ಚಾಲಕನಿಗೆ ಆಧುನಿಕ ಉಪಕರಣಗಳ ನೆರವು ಅತ್ಯಲ್ಪ. ೨೦೧೪ರ ಅಕ್ಟೋಬರ್ ೧ರಂದು ಬರೇಲಿಯಲ್ಲಿ ಚೀತಾ ಬಿದ್ದು ಭೂಸೇನೆಯ ಮೂವರು ಅಧಿಕಾರಿಗಳು ಮಡಿದರು. ಆ ಬಳಿಕ ಸೇನಾಧಿಕಾರಿಗಳ ಪತ್ನಿಯರೇ ಗುಂಪುಗೂಡಿ, ಚೇತಕ್ ಮತ್ತು ಚೀತಾಗಳನ್ನು ನಿಲ್ಲಿಸಬೇಕೆಂದು ರಕ್ಷಣಾಮಂತ್ರಿಗೆ ಬಿನ್ನವಿಸಿಕೊಂಡರು. ಬೇರೆಯವರನ್ನು ಬದುಕಿಸಲು ಹೋಗುವವರಿಗೆ ಅವರ ಯಂತ್ರವೇ ಅಪಾಯವಾಗಬಾರದೆಂಬ ಅವರ ಮಾತಿಗೆ ಉತ್ತರ ಸುಲಭವಾಗಿರಲಿಲ್ಲ. ಏಕೆಂದರೆ ಅವುಗಳನ್ನು ನಿಲ್ಲಿಸಿದರೆ ಆ ಎತ್ತರದ ಠಾಣೆಗಳಿಗೆ ಹೋಗಬಲ್ಲ ಇನ್ನೊಂದು ಹಗುರ ಯಂತ್ರ ಸೇನೆಯ ಕೈಯಲ್ಲಿರಲಿಲ್ಲ. ವಿದೇಶದಿಂದ ೧೯೭ ಯಂತ್ರಗಳನ್ನು ಕೊಳ್ಳುವ ಪ್ರಯತ್ನ ೨೦೦೭ರಲ್ಲಿ ಒಮ್ಮೆ, ೨೦೧೪ರಲ್ಲಿ ಮತ್ತೊಮ್ಮೆ ರದ್ದಾಗಿದ್ದಿತು. ಬೆಂಗಳೂರಿನವರು ಹಳೆಯ ಚೀತಾದ ಒಡಲಿಗೆ ಹೊಸ ಎಂಜಿನನ್ನು ಕೂಡಿಸಿ 'ಚೀತಲ್' ಎಂಬುದನ್ನು ಮಾಡಿದರು. ಅದು ಒಳ್ಳೆಯ ತೇಪೆಯೇ, ಆದರೂ ತೇಪೆ.

ಪರವಾನಗಿಯಿಂದ ಕಲಿತುದು ಎಷ್ಟು, ಕಲಿಯದೆ ಉಳಿದುದು ಎಷ್ಟು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುವುದು. ಇಪ್ಪತ್ತು ವರ್ಷ ಫ್ರೆಂಚರ ನಕ್ಷೆಗಳನ್ನು ನೋಡಿ ಯಂತ್ರ ಕಟ್ಟಿದ ಬೆಂಗಳೂರಿನ ಕುಶಲಕರ್ಮಿಗಳಿಗೆ ಕೈಗೆಲಸ ಸಿದ್ಧಿಸಿದ್ದಿತು. ರೆಕ್ಕೆಯನ್ನು ಹೀಗೆಯೇ ಏಕೆ ರಚಿಸಬೇಕೆಂಬ ಶಾಸ್ತ್ರ ಸಿದ್ಧಿಸಿರಲಿಲ್ಲ. ೧೯೮೪ರಲ್ಲಿ ಜರ್ಮನಿಯ ಎಂ.ಬಿ.ಬಿ. ಕಂಪೆನಿಯ ಸಹಕಾರವನ್ನು ಪಡೆದು ಆರಂಭಿಸಿದ 'ಧ್ರುವ'ದ ರಚನೆಯೇ ಆ ಪಾಠ. ಅದು ೧೯೯೨ರ ಆಗಸ್ಟ್ ೨೦ರಂದು ಬೆಂಗಳೂರಿನಲ್ಲಿ ಹಾರಿ, ೨೦೦೨ರಲ್ಲಿ ಸೇವೆಗೆ ಸೇರಿತು. ಐದೂವರೆ ಟನ್ನಿನ, ಎರಡು ಎಂಜಿನುಗಳ ಈ ಯಂತ್ರವು ಚೀತಾದ ಸ್ಥಾನವನ್ನು ತುಂಬುವಂಥದಲ್ಲ. ಆ ಸ್ಥಾನಕ್ಕೆಂದು ೨೦೦೯ರಲ್ಲಿ ಸರ್ಕಾರದ ಮಂಜೂರಾತಿ ಪಡೆದ ಮೂರು ಟನ್ನಿನ ಹಗುರ ಹೆಲಿಕಾಪ್ಟರು ೨೦೧೬ರ ಸೆಪ್ಟೆಂಬರ್ ೬ರಂದು ಬೆಂಗಳೂರಿನ ಆಕಾಶವನ್ನು ಕಂಡಿತು. ಇಬ್ಬರು ಚಾಲಕರಲ್ಲದೆ ಆರು ಜನರಿಗೆ ಅದರಲ್ಲಿ ಸ್ಥಳವುಂಟು. ೨೦೨೦ರ ಫೆಬ್ರವರಿಯಲ್ಲಿ ವಾಯುಪಡೆಯ ಮಾದರಿಗೂ ೨೦೨೧ರ ಫೆಬ್ರವರಿಯಲ್ಲಿ ಭೂಸೇನೆಯ ಮಾದರಿಗೂ ಪ್ರಾಥಮಿಕ ಒಪ್ಪಿಗೆ ದೊರೆಯಿತು. ೨೦೨೦ರಲ್ಲಿಯೇ ಅದು ೩,೩೦೦ ಮೀಟರು ಎತ್ತರದ ಲೇಹದಿಂದ ಹೊರಟು, ಐದು ಸಾವಿರ ಮೀಟರು ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಬೇಸಗೆಯ ತೆಳುಗಾಳಿಯೊಳಗೆ ಅಲುಗದೆ ನಿಂತು ತೋರಿಸಿತು. ಸೇನೆಯ ಕೈಗೆ ಅದು ಸಾಕಷ್ಟು ಸಂಖ್ಯೆಯಲ್ಲಿ ಬೇಗನೆ ಸೇರಲಿಲ್ಲ. ೨೦೨೦ರ ದಶಕದಲ್ಲಿಯೂ ಚೀತಾಗಳು ಹಾರುತ್ತಲೇ ಇದ್ದವು, ಬೀಳುತ್ತಲೂ ಇದ್ದವು.

ಹೊಸ ಯಂತ್ರದ ಒಡಲೂ ರೆಕ್ಕೆಯೂ ಬೆಂಗಳೂರಿನ ಸ್ವಂತ ರಚನೆಯಾದರೂ, 'ಶಕ್ತಿ' ಎಂಬ ಅದರ ಎಂಜಿನು ಫ್ರೆಂಚರೊಡನೆ ಸೇರಿ ಸಿದ್ಧಪಡಿಸಿದುದು. ಆ ಫ್ರೆಂಚ್ ಕಂಪೆನಿಯಾದರೋ ಆರ್ತೂಸ್ತನ್ನು ಮಾಡಿದ ಅದೇ ಟರ್ಬೊಮೆಕಾ. ೨೦೧೬ರಲ್ಲಿ ಅದರ ಹೆಸರು ಸಫ್ರಾನ್ ಎಂದು ಬದಲಾಯಿತು. ಈ ಯಂತ್ರಗಳಿಗಾಗಿ ತುಮಕೂರು ಜಿಲ್ಲೆಯಲ್ಲಿ ೬೧೫ ಎಕರೆ ನೆಲದಲ್ಲಿ ಕಟ್ಟಿದ ಕಾರ್ಖಾನೆಗೆ ೨೦೧೬ರ ಜನವರಿ ೩ರಂದು ಅಡಿಗಲ್ಲು ಬಿದ್ದು, ೨೦೨೩ರ ಫೆಬ್ರವರಿ ೬ರಂದು ಅದರ ಉದ್ಘಾಟನೆ ನಡೆಯಿತು. ಅದಿರುವ ತಾಲೂಕಿನ ಹೆಸರು ಗುಬ್ಬಿ.